ನ್ಯಾಮತಿ ಯಾವ ಜಿಲ್ಲೆಯಲ್ಲಿದೆ ಎಂದು ಎಐಯನ್ನು ಕೇಳಿದರೆ

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಂತಾಪ ಸೂಚಿಸಿದ ಸುದ್ದಿ ಅವರ ಸಾಮಾಜಿಕ ಜಾಲತಾಣದ ಪುಟದಲ್ಲಿ ಕನ್ನಡದಲ್ಲಿ ಬಂತು. ಕನ್ನಡ ಬಾರದವರಿಗೂ ತಿಳಿಯಲೆಂದು ಮೆಟಾ ಕಂಪನಿಯ ಅನುವಾದ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ಇಳಿಸಿತು. ಆ ಇಂಗ್ಲಿಷಿನಲ್ಲಿ ತೀರಿಕೊಂಡವರು ಮುಖ್ಯಮಂತ್ರಿಯೇ! ಕನ್ನಡದ ಅನುವಾದ ಸರಿಹೋಗುವ ತನಕ ಅದನ್ನು ನಿಲ್ಲಿಸಿ ಎಂದು ಅವರ ಮಾಧ್ಯಮ ಸಲಹೆಗಾರರು ಮೆಟಾಕ್ಕೆ ಪತ್ರ ಬರೆದರು. ಕಂಪನಿ ಕ್ಷಮೆ ಕೇಳಿ ದೋಷ ಸರಿಪಡಿಸಿತು.

ಮುಖ್ಯಮಂತ್ರಿಗಾದರೆ ಮಾಧ್ಯಮ ಸಲಹೆಗಾರರಿದ್ದಾರೆ. ಜಗಳೂರಿನ ರೈತನ ಅರ್ಜಿಯನ್ನೋ ಹೊನ್ನಾಳಿಯ ಗೃಹಿಣಿಯ ಆಸ್ಪತ್ರೆ ವರದಿಯನ್ನೋ ಯಂತ್ರ ಹೀಗೇ ತಿರುಚಿದರೆ ಕಂಪನಿಗೆ ಪತ್ರ ಬರೆಯುವವರಿಲ್ಲ. ತಪ್ಪಾಗಿದೆ ಎಂದು ಗೊತ್ತಾಗುವುದೇ ಅನುಮಾನ. ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಈಗ ಮೊಬೈಲಿನಲ್ಲೇ ಎಐ ಇದೆ. ಅಡಿಕೆ ರೋಗದಿಂದ ಹಿಡಿದು ಮಗಳ ಪ್ರಾಜೆಕ್ಟ್ ವರ್ಕ್‌ವರೆಗೆ ಎಲ್ಲವನ್ನೂ ಅದಕ್ಕೇ ಕೇಳುವುದು ರೂಢಿಯಾಗುತ್ತಿದೆ. ಬೇಡ ಎನ್ನುವುದು ನನ್ನ ಉದ್ದೇಶವಲ್ಲ. ಆದರೆ ಈ ಯಂತ್ರಕ್ಕೆ ನಮ್ಮ ಊರುಗಳ ಬಗ್ಗೆ ಗೊತ್ತಿರುವುದು ತೀರ ಕಡಿಮೆ, ಮತ್ತು ಆ ಕಡಿಮೆತನ ಅದರ ಮಾತಿನ ಧಾಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಜವಾಬ್ದಾರಿಯ ಪ್ರಶ್ನೆ ಶುರುವಾಗುವುದೇ ಇಲ್ಲಿಂದ.

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಜನರ ಕೈಗೆ ಬಂತು. ಅದರ ಹಿಂದಿರುವ ಭಾಷಾ ಮಾದರಿ ಅಪಾರ ಬರಹವನ್ನು ಓದಿ, ಒಂದು ಪದದ ತುಣುಕಿನ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತದೆ. ಈ ತುಣುಕಿಗೆ ಟೋಕನ್ ಎನ್ನುತ್ತಾರೆ. ಪ್ರಶ್ನೆ ಹಾಕಿದಾಗ ಅದು ಪುಸ್ತಕ ತೆಗೆದು ನೋಡುವುದಿಲ್ಲ. ಒಂದೊಂದೇ ಟೋಕನ್ ಪೋಣಿಸುತ್ತಾ ಉತ್ತರ ಕಟ್ಟುತ್ತದೆ. ಕೆಲವು ಆಪ್‌ಗಳು ಅಂತರ್ಜಾಲವನ್ನು ಹುಡುಕಿಯೂ ಹೇಳುತ್ತವೆ, ಆದರೆ ಹುಡುಕಿದ್ದನ್ನು ವಾಕ್ಯ ಮಾಡುವ ಕೆಲಸ ಮತ್ತೆ ಇದೇ ಪೋಣಿಸುವಿಕೆಯದು.

ಕನ್ನಡಕ್ಕೆ ಇಲ್ಲಿ ಎರಡು ತೊಡಕು. ಅಂತರ್ಜಾಲದ ಬರಹದಲ್ಲಿ ಕನ್ನಡದ ಪಾಲು ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಬಹಳ ಚಿಕ್ಕದು. ಇನ್ನೊಂದು ಲಿಪಿಯ ಲೆಕ್ಕ. ಕಂಪ್ಯೂಟರು ಬರಹವನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರಕ್ಕೆ ಮೂರು, ಗುಡಿಸಿಗೆ ಮೂರು, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಗೂ ಮೂರು. ಇಂಗ್ಲಿಷ್ ಲಿಪಿಯಲ್ಲಿ ಚನ್ನಗಿರಿ ಎಂದು ಬರೆದರೆ 10 ಬೈಟ್, ಕನ್ನಡದಲ್ಲಿ 24. ಟೋಕನ್‌ಗಳನ್ನು ಇಂಗ್ಲಿಷನ್ನು ಮುಂದಿಟ್ಟುಕೊಂಡು ಕತ್ತರಿಸಿದಾಗ ನಮ್ಮ ಪದಗಳು ಪುಡಿಪುಡಿಯಾಗುತ್ತವೆ. ಸ್ಥಿತಿ ಸುಧಾರಿಸುತ್ತಿರುವುದೂ ನಿಜ: 2024ರ ಮೇ ತಿಂಗಳಲ್ಲಿ ಬಂದ ಜಿಪಿಟಿ-4ಒ ಮಾದರಿಗಾಗಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಹೊಸದಾಗಿ ಕತ್ತರಿಸುವ ಕ್ರಮ ರೂಪಿಸಿದಾಗ, ಅದೇ ಕಂಪನಿ ಕೊಟ್ಟ ಉದಾಹರಣೆಯಲ್ಲಿ ನೆರೆಯ ತೆಲುಗಿನ ಒಂದು ವಾಕ್ಯವೃಂದ 159 ಟೋಕನ್‌ಗಳಿಂದ 45ಕ್ಕೆ ಇಳಿಯಿತು.

ಇನ್ನು ಊರಿನ ವಿಷಯ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆಯಾಯಿತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಹಳೆಯ ಗೆಜೆಟಿಯರ್, ಹಳೆಯ ಲೇಖನ, ಹೊಸ ಸುದ್ದಿ ಎಲ್ಲವೂ ಯಂತ್ರದ ಹೊಟ್ಟೆಗೆ ಒಟ್ಟಿಗೇ ಹೋಗಿವೆ. ಯಾವುದು ಯಾವ ಕಾಲದ್ದು ಎಂಬ ಚೀಟಿ ಅಂಟಿಸಿ ಹೋಗಿಲ್ಲ. ಹಾಗಾಗಿ ನ್ಯಾಮತಿಯ ಬಗ್ಗೆ ಕೇಳಿದಾಗ ಮೂರು ಕಾಲದ ಮೂರು ವಿಳಾಸ ಬೆರೆತು ಬರುವ ಸಂಭವ ಇದ್ದೇ ಇದೆ. ಸೂಳೆಕೆರೆಯದು ಇನ್ನೊಂದು ಕಥೆ. ಏಷ್ಯಾದ ಎರಡನೇ ದೊಡ್ಡ ಕೆರೆ ಎಂಬ ಮಾತನ್ನು ಪತ್ರಿಕೆ, ಪ್ರವಾಸಿ ಪುಟಗಳೆಲ್ಲ ಹೇಳಿಕೊಂಡು ಬಂದಿವೆ. ಎಐ ಅದನ್ನೇ ಹೇಳಿದರೆ ಕೆರೆಯನ್ನು ಅಳೆದು ಹೇಳಿದ್ದಲ್ಲ, ಹೆಚ್ಚು ಸಲ ಕಂಡದ್ದರಿಂದ ಹೇಳಿದ್ದು. ನಾವು ಹತ್ತು ಸಲ ಬರೆದ ಹೆಮ್ಮೆ ಹನ್ನೊಂದನೇ ಸಲ ಯಂತ್ರದ ಬಾಯಲ್ಲಿ ಸಾಕ್ಷಿಯಾಗಿ ಹಿಂದಿರುಗುತ್ತದೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಾರದೇ? 2025ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಸಂಶೋಧಕರೇ ಪ್ರಕಟಿಸಿದ ಪ್ರಬಂಧ ಇದಕ್ಕೆ ಉತ್ತರ ಕೊಡುತ್ತದೆ. ಮಾದರಿಗಳನ್ನು ಅಳೆಯುವ ಬಹುಪಾಲು ಪರೀಕ್ಷೆಗಳಲ್ಲಿ ಸರಿಯುತ್ತರಕ್ಕೆ ಅಂಕ, ತಪ್ಪಿಗೆ ಸೊನ್ನೆ, ಗೊತ್ತಿಲ್ಲ ಎಂದರೂ ಸೊನ್ನೆ. ನೆಗೆಟಿವ್ ಮಾರ್ಕ್ಸ್ ಇಲ್ಲದ ಪರೀಕ್ಷೆಯಲ್ಲಿ ಖಾಲಿ ಬಿಡುವ ವಿದ್ಯಾರ್ಥಿ ದಡ್ಡ. ಊಹಿಸಿ ಬರೆಯುವವನೇ ಜಾಣ. ವರ್ಷಗಟ್ಟಲೆ ಇಂಥ ಪರೀಕ್ಷೆಗೆ ತಯಾರಾದ ಯಂತ್ರ ಊಹೆಯನ್ನೂ ಖಚಿತವಾದ ದನಿಯಲ್ಲಿ ಹೇಳುವುದನ್ನು ಕಲಿತಿದೆ.

ಈ ದನಿಗೆ ಓದಿದವರೂ ಮರುಳಾಗುತ್ತಾರೆ. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಿಸಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಇಲ್ಲವೇ ಇಲ್ಲ ಎಂಬುದು 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಗಮನಕ್ಕೆ ಬಂದು, ಎಐ ಬಳಕೆಯ ಅನುಮಾನದಿಂದ ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟ್, ತನ್ನ ಜಿಲ್ಲಾ ನ್ಯಾಯಾಲಯಗಳು ತೀರ್ಪು ಕೊಡಲು ಎಐಯನ್ನು ಬಳಸಕೂಡದು ಎಂದು ನೀತಿಯನ್ನೇ ಹೊರಡಿಸಿತು.

ದಿನದ ಬಳಕೆಗೆ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಉತ್ತರ ತಪ್ಪಾದರೆ ಅನುಭವಿಸುವವರು ಯಾರು? ಮದುವೆ ಕರೆಯೋಲೆಗೆ ನಾಲ್ಕು ಸಾಲು ಬರೆಸಿದರೆ ಯಾರಿಗೂ ನಷ್ಟವಿಲ್ಲ. ತಹಸೀಲ್ದಾರರಿಗೆ ಅರ್ಜಿ ಬರೆಸುವುದು, ಅರ್ಥವಾಗದ ಸರ್ಕಾರಿ ಆದೇಶವನ್ನು ಬಿಡಿಸಿ ಹೇಳಿಸಿಕೊಳ್ಳುವುದು ಒಳ್ಳೆಯ ಉಪಯೋಗಗಳೇ. ಮೂಲ ಕಾಗದ ಪಕ್ಕದಲ್ಲಿರುವುದರಿಂದ ತಾಳೆ ನೋಡಬಹುದು. ತೋಟಕ್ಕೆ ಬಂದಾಗ ಮಾತು ಬೇರೆ.

ಚನ್ನಗಿರಿಯ ಅಡಿಕೆ ಬೆಳೆಗಾರರನ್ನೇ ನೋಡಿ. ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಹೇಗೆ ಮಾಡುವುದು ಎಂದು ಕೇಳಿದರೆ ಎಐ ಸಾಮಾನ್ಯವಾಗಿ ಸರಿಯಾಗಿಯೇ ಹೇಳೀತು: 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ಸಾವಿರ ಕಡೆ ಅಚ್ಚಾದ ವಿಷಯ. ಆದರೆ ಹಳದಿಯಾದ ಸೋಗೆಯ ಫೋಟೊ ಕಳಿಸಿ ಇದು ಎಲೆಚುಕ್ಕಿಯೋ ಪೋಷಕಾಂಶದ ಕೊರತೆಯೋ ಎಂದು ಕೇಳಿದಾಗ ನೆಲ ಜಾರುತ್ತದೆ. ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಎಐಗೆ 2016ರಲ್ಲಿ ಬಂದ ಒಂದು ಅಧ್ಯಯನ ಬುನಾದಿ ಹಾಕಿತು. ‘ಪ್ಲಾಂಟ್ ವಿಲೇಜ್’ ಎಂಬ ಸಂಗ್ರಹದ 54,306 ಚಿತ್ರಗಳಿಂದ ಕಲಿತ ಯಂತ್ರ ಅದೇ ಸಂಗ್ರಹದ ಚಿತ್ರಗಳ ಮೇಲೆ ಶೇ 99.35 ನಿಖರತೆ ತೋರಿಸಿತು. ಸುದ್ದಿಯಾದದ್ದು ಈ ಅಂಕಿ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಕುಸಿಯಿತು ಎಂಬುದೂ ಅದೇ ಪ್ರಬಂಧದಲ್ಲಿದೆ. ಆ ಸಂಗ್ರಹದಲ್ಲಿದ್ದದ್ದು 14 ಬೆಳೆ: ಸೇಬು, ದ್ರಾಕ್ಷಿ, ಸ್ಟ್ರಾಬೆರಿ, ಟೊಮೆಟೊ, ಹೀಗೆ. ಜಗಳೂರಿನ ಮೆಕ್ಕೆಜೋಳ ಅದರಲ್ಲಿತ್ತು. ಶೇಂಗಾ ಇರಲಿಲ್ಲ, ಹೊನ್ನಾಳಿಯ ಭತ್ತ ಇರಲಿಲ್ಲ, ಅಡಿಕೆಯಂತೂ ಇಲ್ಲವೇ ಇಲ್ಲ. ಆಮೇಲೆ ಸಂಗ್ರಹಗಳು ಬೆಳೆದಿವೆ, ಅಡಿಕೆಯ ಮೇಲೂ ಕೆಲಸ ನಡೆದಿದೆ. ಆದರೂ ಕೈಯಲ್ಲಿರುವ ಆಪ್ ಯಾವ ತೋಟದ ಎಲೆ ನೋಡಿ ಕಲಿತದ್ದು ಎಂದು ರೈತನಿಗೆ ತಿಳಿಯುವ ದಾರಿಯಿಲ್ಲ.

ಹಾಗಾಗಿ ಎಐ ಹೇಳಿದ ಔಷಧಿಯ ಹೆಸರನ್ನು ಬರೆದುಕೊಂಡು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದವರನ್ನೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳುವುದು ಒಳ್ಳೆಯದು. 1800-180-1551 ಕಿಸಾನ್ ಕಾಲ್ ಸೆಂಟರ್ ಕರೆಗೆ ದುಡ್ಡೂ ಇಲ್ಲ. ತಪ್ಪು ಔಷಧಿ ನನ್ನ ತೋಟಕ್ಕೆ ಮಾತ್ರ ಬೀಳುವುದಿಲ್ಲ. ಹೊಡೆಯುವ ಕೂಲಿಯವನ ಮೈಮೇಲೆ ಬೀಳುತ್ತದೆ, ಮಳೆ ಬಂದರೆ ಪಕ್ಕದವರ ಬಾವಿಗೂ ಹೋಗುತ್ತದೆ.

ಇನ್ನು ಕಾಗದಪತ್ರ. ಪಹಣಿಯ ಫೋಟೊ ತೆಗೆದು ಎಐಗೆ ಹಾಕಿ ವಿವರಿಸು ಎನ್ನುವುದು ಸುಲಭ. ಆ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರಿರುತ್ತದೆ, ಸರ್ವೆ ನಂಬರ್, ಬ್ಯಾಂಕಿನ ಸಾಲವೂ ಇರುತ್ತದೆ. ಆ ಅಣ್ಣತಮ್ಮಂದಿರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯಾಯಿತು, 2025ರ ನವೆಂಬರಿನಲ್ಲಿ ನಿಯಮಗಳೂ ಹೊರಬಿದ್ದವು. ಕಂಪನಿಗಳು ಇದಕ್ಕೆ ಒಳಪಡುತ್ತವೆ. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆಬಳಕೆಗೆ ಮಾಡುವ ಕೆಲಸಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ದೊಡ್ಡಪ್ಪನ ಪಹಣಿಯನ್ನು ತಮ್ಮನ ಮಗ ಆಪ್‌ಗೆ ಏರಿಸಿದರೆ ಕಾನೂನು ಸುಮ್ಮನಿರುತ್ತದೆ. ಹೆಸರು, ಸರ್ವೆ ನಂಬರ್, ಆಧಾರ್ ಅಂಕಿಗಳನ್ನು ಮುಚ್ಚಿ ಫೋಟೊ ತೆಗೆಯಲು ಅರ್ಧ ನಿಮಿಷ ಸಾಕು. ಬೇಕಾದ ಸಾಲನ್ನಷ್ಟೇ ಟೈಪ್ ಮಾಡಿ ಕೇಳಿದರೆ ಇನ್ನೂ ವಾಸಿ.

ನಕಲಿ ದನಿ, ನಕಲಿ ಮುಖದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಅಂಟಿಸಿದ ವಿಡಿಯೊ ಇಡೀ ದೇಶ ನೋಡಿತು. ದನಿ ಅನುಕರಿಸಲು ಮೂರು ಸೆಕೆಂಡಿನ ಮಾದರಿ ಸಾಕು ಎಂದು ಮೈಕ್ರೋಸಾಫ್ಟ್ ಸಂಶೋಧಕರು ಅದೇ ವರ್ಷದ ಜನವರಿಯಲ್ಲೇ ತೋರಿಸಿದ್ದರು. ಬೆಂಗಳೂರಿನಲ್ಲಿರುವ ಮಗನ ದನಿಯಲ್ಲಿ ದುಡ್ಡು ಕೇಳಿದರೆ ಫೋನಿಟ್ಟು, ಮಗನ ನಂಬರಿಗೆ ನೀವೇ ಕರೆ ಮಾಡಿ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಕ್ಕಳ ವಿಷಯದಲ್ಲಿ ನನಗೆ ಗಟ್ಟಿಯಾಗಿ ಕಂಡ ಪುರಾವೆ ಟರ್ಕಿಯದು. ಅಲ್ಲಿನ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಗಣಿತ ಅಭ್ಯಾಸಕ್ಕೆ ಎಐ ಕೊಟ್ಟರು. ನೇರವಾಗಿ ಉತ್ತರ ಹೇಳುವ ಎಐ ಸಿಕ್ಕವರು ಅಭ್ಯಾಸದಲ್ಲಿ ಶೇ 48 ಹೆಚ್ಚು ಅಂಕ ತೆಗೆದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಮಾಡಿದಾಗ, ಎಐಯನ್ನೇ ಮುಟ್ಟದವರಿಗಿಂತ ಶೇ 17 ಕಡಿಮೆ ಅಂಕ ಬಂತು. ಉತ್ತರ ಹೇಳದೆ ಸುಳಿವಷ್ಟೇ ಕೊಡುವಂತೆ ಹೊಂದಿಸಿದ ಎಐ ಬಳಸಿದವರಲ್ಲಿ ಈ ನಷ್ಟ ಬಹುತೇಕ ಕಾಣಲಿಲ್ಲ. ‘ಉತ್ತರ ಹೇಳಬೇಡ, ಮುಂದಿನ ಹೆಜ್ಜೆಗೆ ಸುಳಿವು ಕೊಡು’ ಎಂದು ಟೈಪ್ ಮಾಡುವುದನ್ನು ಮೇಷ್ಟ್ರು ಮೊದಲ ದಿನವೇ ಕಲಿಸಿದರೆ ಚೆನ್ನ.

ಜಗಳೂರಿನಂಥ ಮಳೆ ಕಡಿಮೆಯ ನೆಲದಲ್ಲಿ ನೀರಿನ ಪ್ರಶ್ನೆಯೂ ಏಳುತ್ತದೆ: ಎಐ ಕಂಪ್ಯೂಟರುಗಳು ನೀರು ಕುಡಿಯುತ್ತವಂತೆ, ನಿಜವೇ? ತಂಪು ಮಾಡಲು ಕುಡಿಯುತ್ತವೆ. 2025ರಲ್ಲಿ ಗೂಗಲ್ ಕೊಟ್ಟ ಲೆಕ್ಕದಂತೆ ತನ್ನ ಎಐ ಜೆಮಿನಿಗೆ ಹಾಕುವ ಸಾಮಾನ್ಯ ಪ್ರಶ್ನೆಯೊಂದಕ್ಕೆ 0.26 ಮಿಲಿಲೀಟರ್ ನೀರು, ಅಂದರೆ ಸುಮಾರು ಐದು ಹನಿ. ಕಂಪನಿ ತನ್ನ ಬಗ್ಗೆ ತಾನೇ ಹೇಳಿದ ಲೆಕ್ಕ ಎಂಬುದು ನೆನಪಿರಲಿ. ಆದರೂ ಒಂದು ಪ್ರಶ್ನೆ ಕೇಳಿದ್ದಕ್ಕೆ ಪಾಪಪ್ರಜ್ಞೆ ಬೇಕಿಲ್ಲ ಎಂದೇ ನನ್ನ ಅನಿಸಿಕೆ.

ಕೊನೆಗೆ, ಯಂತ್ರಕ್ಕೆ ನಾವು ಕಲಿಸುವ ಮಾತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದ ಊರು, ದೇಶದ ಬಂಜಾರರಿಗೆಲ್ಲ ಯಾತ್ರಾಸ್ಥಳ. ಅವರ ನುಡಿಯಾದ ಲಂಬಾಣಿಯನ್ನು ತಾಯ್ನುಡಿ ಎಂದು 2011ರ ಜನಗಣತಿಯಲ್ಲಿ ಸುಮಾರು 32.8 ಲಕ್ಷ ಜನ ಬರೆಸಿದ್ದರೂ ಗಣತಿ ಅವರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿತು. ಸ್ವಂತ ಲಿಪಿಯಿಲ್ಲದ ಈ ಭಾಷೆಯ ಬರಹ ಅಂತರ್ಜಾಲದಲ್ಲಿ ಕನ್ನಡಕ್ಕಿಂತಲೂ ಎಷ್ಟೋ ಕಡಿಮೆ. ಭಾರತೀಯ ಭಾಷೆಗಳ ಅನುವಾದಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ ‘ಭಾಷಿಣಿ’ ಆರಂಭಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ತಮ್ಮ ಆಡುಮಾತಿನಲ್ಲೇ ವರ್ಣಿಸಲು ಹೇಳಿ ದನಿ ದಾಖಲಿಸುತ್ತಿದೆ. ಇಂಥ ಕೆಲಸ ತಾಂಡಾಗಳಿಗೂ ಮುಟ್ಟಿದರೆ ಅಲ್ಲಿನ ಅಜ್ಜಿ ತನ್ನ ಮಾತಿನಲ್ಲೇ ಪಿಂಚಣಿ ಬಗ್ಗೆ ಕೇಳುವ ದಿನ ಬರಬಹುದು.

ಆದರೆ ಅಜ್ಜಿಯ ಹಾಡನ್ನು ಮೊಮ್ಮಗಳು ರೆಕಾರ್ಡ್ ಮಾಡಿ ಯಾವುದೋ ಆಪ್‌ಗೆ ಏರಿಸುವ ಮೊದಲು ಅಜ್ಜಿಗೆ ವಿಷಯ ತಿಳಿದಿರಬೇಕು. ಫೈಲನ್ನು ಬೇಡವೆನಿಸಿದಾಗ ಅಳಿಸಬಹುದು. ಅದರಿಂದ ಕಲಿತುಬಿಟ್ಟ ಮಾದರಿಯೊಳಗಿಂದ ಒಬ್ಬರ ದನಿಯನ್ನಷ್ಟೇ ಹೆಕ್ಕಿ ತೆಗೆಯುವ ವಿದ್ಯೆ ಇನ್ನೂ ಪ್ರಯೋಗಾಲಯ ದಾಟಿ ಬಂದಿಲ್ಲ.