ಮಂಗಳೂರು ಕಂಡವರೇ ಮಾಲಿಯನ್ನೂ ಕಂಡರು

ಕಲಬುರಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ, ಆಫ್ರಿಕಾ ಅಂದರೆ ಮಕ್ಕಳು ಹೇಳುವುದು ಕಾಡು, ಸಿಂಹ, ಗುಲಾಮರು. ಹಾಗಾಗಿ ಏಳನೇ ತರಗತಿಯವರಿಗೆ ನಾವು ಇಬ್ನ್ ಬತೂತಾರಿಂದ ಶುರು ಮಾಡುತ್ತೇವೆ. 1342ರ ಸುಮಾರಿಗೆ ನಮ್ಮ ಮಂಗಳೂರು ಕಂಡು, ಅಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ಹೇಳಿದ ಪ್ರವಾಸಿ ಅವರೇ. 1352ರಲ್ಲಿ ಸಹಾರಾ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದರು.

ದಾರಿಯಲ್ಲಿ ಸಿಕ್ಕ ತಘಾಝಾದಲ್ಲಿ ಮನೆ, ಮಸೀದಿ ಎಲ್ಲವೂ ಉಪ್ಪಿನ ಗಡ್ಡೆಯದ್ದೇ. ಕಮಲಾಪುರದ ಕೆಂಪು ಬಾಳೆ ಕಲಬುರಗಿ ಮಾರುಕಟ್ಟೆಗೆ ಬರ್ತದಲ್ವಾ, ಹಾಗೆ ಆ ಉಪ್ಪು ಒಂಟೆ ಮೇಲೆ ದಕ್ಷಿಣಕ್ಕೆ ಹೋಗುತ್ತಿತ್ತು. ಅಲ್ಲಿನ ಚಿನ್ನ ಉತ್ತರಕ್ಕೆ ಬರುತ್ತಿತ್ತು. ವ್ಯಾಪಾರಸ್ಥರ ಮಕ್ಕಳಿಗೆ ಇದು ಬೇಗ ಅರ್ಥವಾಗ್ತದೆ. 1324ರಲ್ಲಿ ಹಜ್ಜ್‌ಗೆ ಹೊರಟ ಮಾಲಿಯ ದೊರೆ ಮನ್ಸಾ ಮೂಸಾ ಕೈರೋದಲ್ಲಿ ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಇಳಿಯಿತು.

ಪಕ್ಕದಲ್ಲೇ ನಮ್ಮೂರಿನ ಇಸವಿ ಬರೆಸುತ್ತೇವೆ: 1347ರಲ್ಲಿ ಬಹಮನಿ ರಾಜ್ಯ, 1367ರಲ್ಲಿ ಕೋಟೆಯ ಜಾಮಿಯಾ ಮಸೀದಿ. ಎಲ್ಲ ಒಂದೇ ಶತಮಾನ!

ಮಾಲಿಯಲ್ಲಿ ದಾರಿಹೋಕರಿಗೆ ಕಳ್ಳರ ಭಯವಿಲ್ಲ, ನ್ಯಾಯವಿದೆ ಎಂದು ಇಬ್ನ್ ಬತೂತಾ ಮೆಚ್ಚಿದರು. ಗುಲಾಮಗಿರಿಯೂ ಇತ್ತು, ಅದನ್ನೂ ಹೇಳುತ್ತೇವೆ. ಆದರೆ ಕಪ್ಪು ಬಣ್ಣವನ್ನು ಅಣಕಿಸುವ ಮಾತು ನಮ್ಮ ಮನೆಗಳಲ್ಲೂ ಕೇಳಿಬರ್ತದೆ. ಪಾಠ ಎಷ್ಟೇ ಚೆನ್ನಾಗಿದ್ದರೂ, ಆ ಮಾತು ಮನೆಯಲ್ಲಿ ನಿಲ್ಲದಿದ್ದರೆ ಮಕ್ಕಳು ಕಲಿಯುವುದು ಅದನ್ನೇ.