ರಾಗಿಯೂ ಸುರಿಯುತ್ತೆ, ಹಾಗಾದ್ರೆ ಅದು ದ್ರವವೇ?

“ಘನಕ್ಕೆ ಆಕಾರ ಉಂಟು, ದ್ರವಕ್ಕಿಲ್ಲ” ಎಂದು ನಮ್ಮ ಮಕ್ಕಳು ಗಿಳಿಪಾಠ ಒಪ್ಪಿಸುತ್ತವೆ. ಸೇರಿನಿಂದ ಪಾತ್ರೆಗೆ ರಾಗಿ ಸುರಿದು “ಇದೇನಪ್ಪಾ?” ಅಂತ ಕೇಳಿ ನೋಡಿ. ಪಾತ್ರೆಯ ಆಕಾರ ತಾಳಿತಲ್ಲ, ದ್ರವವೇ ಇರಬೇಕು ಅಂತಾವೆ ಎಷ್ಟೋ ಮಕ್ಕಳು! ತಪ್ಪು ಅವುಗಳದ್ದಲ್ಲ, ಬಾಯಿಪಾಠದ್ದು.

ಒಂದೇ ಕಾಳು ಕೈಗೆ ಕೊಡಿ: ಎಲ್ಲಿಟ್ಟರೂ ದುಂಡಗೇ. ನೆಲಕ್ಕೆ ಸುರಿದರೆ ರಾಗಿ ಗುಡ್ಡೆಯಾಗಿ ನಿಲ್ಲುತ್ತೆ, ನೀರು ನಿಲ್ಲೋಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿ, ಬಿಸಿಲಿಗಿಟ್ಟರೆ ಮತ್ತೆ ತೆಳು. ಅಂದಮೇಲೆ ಘನ, ದ್ರವ ಎಂಬುದು ವಸ್ತುವಿನ ಜಾತಿಯಲ್ಲ, ಸ್ಥಿತಿ.

ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ಯ ದಾರಿಯೂ ಮಾಡಿ ಕಲಿಯುವುದೇ. ಇದಕ್ಕೆ ಪ್ರಯೋಗಾಲಯ ಬೇಡ ಸ್ವಾಮಿ. ಸೇರು ರಾಗಿ, ಚೊಂಬು ನೀರು ಸಾಕು. ನಮ್ಮ ಮೇಷ್ಟ್ರುಗಳು ಮನಸ್ಸು ಮಾಡಿಯಾರೇ?