ಹಾಲಿಗೆ ತೆರಿಗೆ ಇಲ್ಲ, ಮೊಸರಿಗೆ ಇದೆ: ಲೆಕ್ಕವೇನು?



ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವುದೇ ಹಾಲಿನ ಬೂತಿನಲ್ಲಿ ಕೊಳ್ಳುವ ಸಾಮಾನ್ಯ ಹಾಲಿನ ಪ್ಯಾಕೆಟಿಗೆ ಜಿ.ಎಸ್.ಟಿ. ಇಲ್ಲ. ಅದೇ ಹಾಲಿಗೆ ಹೆಪ್ಪು ಹಾಕಿ ಪ್ಯಾಕೆಟ್ ಮಾಡಿದ ಮೊಸರಿಗೆ ಶೇಕಡಾ 5 ತೆರಿಗೆ ಇದೆ. ಸಂಘಗಳಿಂದ ಉಪ್ಪೂರಿನ ಡೇರಿಗೆ ಹೋಗುವುದು ಒಂದೇ ಹಾಲು. ಹೀಗಿರುವಾಗ ಈ ಭೇದ ಯಾಕೆ, ಇದರಿಂದ ನಮಗೆ ಲಾಭವೋ ನಷ್ಟವೋ ಎಂದು ಸದಸ್ಯರು ಕೇಳುವುದು ಸಹಜ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಹಾಲು, ಮೊಸರು, ಮಜ್ಜಿಗೆ ಮೂರಕ್ಕೂ ವಿನಾಯಿತಿ ಇತ್ತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮೊಸರು, ಮಜ್ಜಿಗೆ, ಲಸ್ಸಿಗೆ ಶೇಕಡಾ 5 ಹಾಕಲಾಯಿತು. ಅಕ್ಕಿ, ಬೇಳೆ, ಹಿಟ್ಟಿಗೂ ಅಂದೇ ಈ ನಿಯಮ ಬಂತು. 25 ಕಿಲೋವರೆಗಿನ ಲೇಬಲಿನ ಚೀಲದ ಕುಚ್ಚಲಕ್ಕಿಗೆ ತೆರಿಗೆ ಇದೆ, 26 ಕಿಲೋದ ಚೀಲಕ್ಕೆ ಇಲ್ಲ. ಅಂಗಡಿಯವರು ತೂಗಿ ಕೊಡುವ ಬಿಡಿ ಅಕ್ಕಿಗೂ ಇಲ್ಲ. ದೊಡ್ಡ ಚೀಲವನ್ನು ಒಮ್ಮೆಗೇ ಕೊಳ್ಳಬಲ್ಲವನಿಗೆ ವಿನಾಯಿತಿ, ವಾರಕ್ಕೊಂದು 5 ಕಿಲೋ ಪ್ಯಾಕೆಟ್ ಒಯ್ಯುವವನಿಗೆ ತೆರಿಗೆ! ಇದು ನ್ಯಾಯವಾದ ಗೆರೆ ಎಂದು ಒಪ್ಪುವುದು ಕಷ್ಟ.

ಆದರೆ 'ತೆರಿಗೆ ಇಲ್ಲ' ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಡೇರಿಯು ಪ್ಯಾಕಿಂಗ್ ಫಿಲ್ಮ್ ಕೊಳ್ಳುವಾಗ ನೂರು ರೂಪಾಯಿಗೆ 18 ರೂಪಾಯಿ ತೆರಿಗೆ ಕೊಡುತ್ತದೆ. ಯಂತ್ರಕ್ಕೆ, ಬಿಡಿಭಾಗಕ್ಕೆ, ರಿಪೇರಿಗೆ ಕೂಡ ತೆರಿಗೆ ಇದೆ. ಮೊಸರಿಗೆ ಬಳಸಿದ ಫಿಲ್ಮ್ ಆದರೆ ಆ 18 ರೂಪಾಯಿಯನ್ನು ಮೊಸರಿನ ಮೇಲೆ ಸಂಗ್ರಹಿಸಿದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಹಾಲಿಗೆ ಬಳಸಿದರೆ ವಜಾ ಇಲ್ಲ, ಏಕೆಂದರೆ ಹಾಲಿನ ಮೇಲೆ ತೆರಿಗೆಯೇ ಇಲ್ಲ. ಅಂದರೆ ಆ 18 ರೂಪಾಯಿ ಹಾಲಿನ ಖರ್ಚಿನಲ್ಲಿಯೇ ಉಳಿಯುತ್ತದೆ. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ. ಹಾಲಿನ ಮಾರಾಟ ದರ ಬೇಕೆಂದಾಗ ಏರುವಂತಹದ್ದಲ್ಲ. 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿದ್ದೂ ರಾಜ್ಯ ಸರ್ಕಾರದ ಒಪ್ಪಿಗೆಯ ಮೇಲೆಯೇ. ಗ್ರಾಹಕನಿಂದ ಬಾರದ ಖರ್ಚು ಉತ್ಪಾದಕನ ಖರೀದಿ ದರದ ಮೇಲೆ ಕೂರುತ್ತದೆ.

ಬ್ರಿಟನ್ನಿನಲ್ಲಿ ಹಾಲಿಗೆ ತೆರಿಗೆ ದರ ಸೊನ್ನೆ, ಆದರೆ ಡೇರಿ ಕೊಟ್ಟ ತೆರಿಗೆಯನ್ನು ಸರ್ಕಾರ ಹಿಂದಿರುಗಿಸುತ್ತದೆ. ನ್ಯೂಜಿಲೆಂಡಿನಲ್ಲಿ ಅಂಗಡಿಯ ಹಾಲಿಗೂ ಶೇಕಡಾ 15. ನಮ್ಮದು ಇವೆರಡರ ನಡುವೆ ನಿಂತಿದೆ.

2025ರ ಸೆಪ್ಟೆಂಬರ್ 22ರ ಬದಲಾವಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ತುಪ್ಪ, ಬೆಣ್ಣೆಯ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಪನೀರು ಮತ್ತು ಯು.ಎಚ್.ಟಿ. ಹಾಲಿನದು 5ರಿಂದ ಸೊನ್ನೆಗೆ. ಪ್ಯಾಕೆಟ್ ಮೊಸರಿನದು ಹಾಗೆಯೇ ಉಳಿಯಿತು. ನಂದಿನಿ ತುಪ್ಪ 650ರಿಂದ 610ಕ್ಕೆ ಇಳಿದದ್ದು ತೆರಿಗೆ ಇಳಿಕೆಗೆ ಸರಿಯಾಗಿ ತಾಳೆಯಾಗುತ್ತದೆ. 70 ರೂಪಾಯಿಯ ಗುಡ್‌ಲೈಫ್ ಹಾಲಿನಲ್ಲಿ ಇದ್ದ ತೆರಿಗೆ ಸುಮಾರು 3 ರೂಪಾಯಿ 33 ಪೈಸೆ; ಇಳಿದದ್ದು 2 ರೂಪಾಯಿ. ದರ ಸೊನ್ನೆಯಾದಾಗ ವಜಾ ಸೌಲಭ್ಯವೂ ಹೋಗುವುದರಿಂದ ಪೂರ್ತಿ ಮೊತ್ತ ಇಳಿಯುತ್ತದೆಂದು ನಿರೀಕ್ಷಿಸುವಂತಿಲ್ಲ. ಇನ್ನು ತುಪ್ಪದ ಕಥೆ: ನವೆಂಬರಿನಲ್ಲಿ ಅದು 90 ರೂಪಾಯಿ ಏರಿ 700 ಆಯಿತು. ತೆರಿಗೆ ಇಳಿದರೆ ಬೆಲೆ ಇಳಿದೇ ಇರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಮೊಸರಿನ ಶೇಕಡಾ 5ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಇದನ್ನು ಕರ್ನಾಟಕವೊಂದೇ ತೆಗೆಯಲಾಗದು. ಜಿ.ಎಸ್.ಟಿ. ಮಂಡಳಿಯಲ್ಲಿ ಮತದ ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ಎಲ್ಲಾ ರಾಜ್ಯಗಳದ್ದು. ನಿರ್ಣಯಕ್ಕೆ ನಾಲ್ಕನೇ ಮೂರು ಭಾಗ ಬೇಕು. ರಾಜ್ಯದ ಬೊಕ್ಕಸ ನಮಗೆ ಹೊರಗಿನದೂ ಅಲ್ಲ: 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 5 ರೂಪಾಯಿಗೆ ಏರಿದ ಪ್ರೋತ್ಸಾಹಧನ ಅಲ್ಲಿಂದಲೇ ಬರುವುದು. ಆದುದರಿಂದ ನಮ್ಮ ಒತ್ತಾಯ 'ಎಲ್ಲಕ್ಕೂ ತೆರಿಗೆ ತೆಗೆಯಿರಿ' ಎಂಬುದಕ್ಕಿಂತ, ಹಾಲಿನ ಖರ್ಚಿನಲ್ಲಿ ಅಡಗಿದ ತೆರಿಗೆಯನ್ನು ಹಿಂದಿರುಗಿಸಿ ಎಂಬುದಾಗಿದ್ದರೆ ಹೆಚ್ಚು ಪ್ರಯೋಜನವೆಂದು ನಮ್ಮ ಅನಿಸಿಕೆ.

ಹಟ್ಟಿಯ ಮಟ್ಟಿಗೆ ಹೇಳುವುದಾದರೆ ಪಶು ಆಹಾರಕ್ಕೆ ತೆರಿಗೆ ಇಲ್ಲ; ಗಾಣದ ಶೇಂಗಾ ಹಿಂಡಿ, ತೆಂಗಿನ ಹಿಂಡಿಗೆ ಶೇಕಡಾ 5. ಹಟ್ಟಿ ಕಟ್ಟುವ ಸಿಮೆಂಟಿಗೆ 2025ರ ಸೆಪ್ಟೆಂಬರಿನಲ್ಲಿ 28ರಿಂದ 18 ಆಗಿದೆ. ಸ್ಟೀಲ್, ಅಲ್ಯೂಮಿನಿಯಂ ಹಾಲಿನ ಕ್ಯಾನಿಗೆ 12ರಿಂದ 5. ಹೊಸ ಕ್ಯಾನು ಕೊಳ್ಳುವವರು ಬಿಲ್ಲು ಕೇಳಿ ಪಡೆದು, ಅದರಲ್ಲಿ ಎರಡೂವರೆ, ಎರಡೂವರೆಯಂತೆ 5 ಮಾತ್ರ ಇದೆಯೇ ಎಂದು ನೋಡಿಕೊಳ್ಳಬೇಕಾಗಿ ವಿನಂತಿ.